ಮನೆ ಕೇಳಿದ ಬೀದಿಗಳು

ತುಮಕೂರಿನ ಬೀದಿಗಳು ನನಗೆ ಗೊತ್ತಿರುವಷ್ಟು ಅಲ್ಲೇ ಹುಟ್ಟಿ ಬೆಳೆದವರಿಗೂ ಗೊತ್ತಿರಲಿಕ್ಕಿಲ್ಲ. ಇದೇನು ಜಂಬದ ಮಾತಲ್ಲ. ಮನೆ ಕೊಡುವುದಿಲ್ಲ ಅನ್ನಿಸಿಕೊಳ್ಳುತ್ತ ತಿರುಗುವವರಿಗೆ ಊರು ಬಹಳ ಬೇಗ ಪರಿಚಯವಾಗುತ್ತದೆ. ಯಾವ ಬಡಾವಣೆಗೆ ಎಷ್ಟು ಹೊತ್ತಿಗೊಂದು ಸಿಟಿ ಬಸ್ಸು, ಯಾವ ಸ್ಟಾಪಿನಲ್ಲಿ ಇಳಿದರೆ ಬಾಡಿಗೆ ಬೋರ್ಡು ಜಾಸ್ತಿ, ಯಾವ ಬೀದಿಗೆ ನೀರು ಯಾವಾಗ ಬಿಡುತ್ತಾರೆ ಎಂಬುದೆಲ್ಲ ಒಂದು ಕಾಲಕ್ಕೆ ನನಗೆ ಬಾಯಿಪಾಠವಾಗಿತ್ತು.

ತೊಂಬತ್ತರ ದಶಕದ ಮಾತು. ನನ್ನ ಗಂಡ ಗುಬ್ಬಿಯವನು. ಮಗಳು ತೊದಲು ಮಾತು ಕಲಿಯುವ ಹೊತ್ತಿಗೆ ಆತ ಅದೇ ಊರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಕದ್ದುಮುಚ್ಚಿ ಏನೂ ಅಲ್ಲ, ಊರಿಗೆಲ್ಲ ಗೊತ್ತಿದ್ದೇ. ನಾನು ಮಗಳನ್ನು ಎತ್ತಿಕೊಂಡು ಕುಣಿಗಲ್ಲಿನ ತವರಿಗೆ ಬಂದೆ. ಟೈಪಿಂಗ್ ಪಾಸು ಮಾಡಿಕೊಂಡಿದ್ದರಿಂದ ತುಮಕೂರಿನ ಒಂದು ಖಾಸಗಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಮಗಳು ಏಳುವ ಮುಂಚೆ ಪ್ರೈವೇಟ್ ಬಸ್ಸು ಹತ್ತಿದರೆ ಹೆಬ್ಬೂರು, ನಾಗವಲ್ಲಿ, ಗೂಳೂರು ದಾಟಿ ತುಮಕೂರು. ಸಂಜೆ ಅದೇ ದಾರಿಯಲ್ಲಿ ಕಂಬಿಗೆ ಜೋತುಬಿದ್ದು ವಾಪಸ್ಸು. ಮನೆ ಸೇರುವಷ್ಟರಲ್ಲಿ ಮಗಳು ಅವ್ವನ ಮಗ್ಗುಲಲ್ಲಿ ಮಲಗಿರುತ್ತಿದ್ದಳು. ಹೀಗೇ ಕೆಲವು ವರ್ಷ ನಡೆಯಿತು.

ಆಮೇಲೆ ತಮ್ಮನಿಗೆ ಹೆಣ್ಣು ಗೊತ್ತಾಯಿತು. ಮಾತುಕತೆಗೆ ಬಂದಿದ್ದ ಹೆಣ್ಣಿನ ಕಡೆಯ ಹೆಂಗಸೊಬ್ಬರು ಕಾಫಿ ಲೋಟ ಕೆಳಗಿಡುತ್ತ, "ಇವ್ರಕ್ಕ ಇಲ್ಲೇ ಇರ್ತಾರಾ?" ಎಂದು ಕೇಳಿದರು. ಕೇಳಿದ್ದು ಅಷ್ಟೇ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ತಮ್ಮ ಒಳ್ಳೆಯವನು, ಒಳ್ಳೆಯವರು ಇಂಥ ಹೊತ್ತಿನಲ್ಲಿ ನೆಲ ನೋಡುತ್ತ ಕೂತಿರುತ್ತಾರೆ. ಮದುವೆಯೊಳಗೆ ನನಗೂ ಮಗಳಿಗೂ ತುಮಕೂರಿನಲ್ಲಿ ಒಂದು ಮನೆ ಆಗಲೇಬೇಕಿತ್ತು. ಒಂದು ಕೋಣೆ, ಒಲೆ ಇಡಲು ಒಂದಿಷ್ಟು ಜಾಗ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಅದಕ್ಕಿಂತ ಹೆಚ್ಚು ಬಯಸಿದ್ದರೆ ನನ್ನ ನಾಲಿಗೆ ಸೇದಿಹೋಗಲಿ.

ಓನರುಗಳು ಮನೆಯಲ್ಲಿರುತ್ತಾರೆಂದು ಭಾನುವಾರ ಹೋಗುತ್ತಿದ್ದೆವು, ನಾನು ಮತ್ತು ಅವ್ವ. ಒಂಟಿ ಹೆಂಗಸು ಮನೆ ಕೇಳಿದರೆ ಗೇಟಿನಿಂದಲೇ ಕಳಿಸಿಬಿಡುತ್ತಾರೆ. ಜೊತೆಗೊಬ್ಬ ಮುದುಕಿ ಇದ್ದರೆ ಜಗಲಿಯವರೆಗಾದರೂ ಬಿಟ್ಟುಕೊಳ್ಳುತ್ತಾರೆ. ಹುಡುಕುವ ಕ್ರಮ ಅವ್ವನದೇ. ಸಿಟಿ ಬಸ್ಸುಗಳು ನಿಲ್ಲುವ ಕಡೆ ಹೋಗಿ, ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತುವುದು. ಕಂಡಕ್ಟರ್ "ಎಲ್ಲಿಗಮ್ಮ?" ಅಂದರೆ ಅವ್ವ "ಎಲ್ಲೀಗಂಟ ಹೋಯ್ತದೋ ಅಲ್ಲೀಗಂಟ" ಅನ್ನುತ್ತಿದ್ದಳು. ಕೊನೆಯ ಸ್ಟಾಪಿನಲ್ಲಿ ಇಳಿದು, ರಸ್ತೆಯ ಎರಡೂ ಕಡೆ ಬೋರ್ಡು ನೋಡಿಕೊಂಡು, ಬಂದ ದಾರಿಯಲ್ಲೇ ನಡೆಯುವುದು. ಕಾಲು ಸೋತ ಕಡೆ ಮತ್ತೆ ಬಸ್ಸು. ಹೀಗೆ ಕ್ಯಾತ್ಸಂದ್ರ ಆಯಿತು, ಉಪ್ಪಾರಹಳ್ಳಿ ಆಯಿತು, ಮೆಳೆಕೋಟೆ ಆಯಿತು.

ಪ್ರಶ್ನೆಗಳು ಎಲ್ಲ ಕಡೆಯೂ ಅವೇ. ಯಾವ ಜನ? ಮನೇಲಿ ಎಷ್ಟು ಮಂದಿ? ಮನೆಯವರು ಏನ್ ಕೆಲಸ ಮಾಡ್ತಾರೆ? ಮೊದಲೆರಡನ್ನು ಹೇಗೋ ದಾಟುತ್ತಿದ್ದೆವು. ಮೂರನೆಯದಕ್ಕೆ ನಾನು "ಅವರು ನಮ್ಮ ಜೊತೆ ಇಲ್ಲ" ಅನ್ನುತ್ತಿದ್ದೆ. ಆ ಕ್ಷಣಕ್ಕೆ ಕೋಣೆಗೆ ಬಣ್ಣ ಹೊಡೆಸಬೇಕಾಗಿರುವುದು ಅವರಿಗೆ ನೆನಪಾಗುತ್ತಿತ್ತು, ಇಲ್ಲವೇ ಊರಿನಿಂದ ಮೈದುನ ಬರುವವನಿರುತ್ತಿದ್ದ. ಮುಂದಿನ ವಾರ ಅದೇ ಬೀದಿಯಲ್ಲಿ ಬಸ್ಸು ಹೋಗುವಾಗ ನೋಡಿದರೆ ಬೋರ್ಡು ಹಾಗೇ ನೇತಾಡುತ್ತಿರುತ್ತಿತ್ತು. ಒಬ್ಬ ಗಂಡಸು ಮಾತ್ರ ಯಾವ ನೆವವನ್ನೂ ಹೇಳದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಾತ್ರಿ ಹೊತ್ತು ಯಾರ್ಯಾರು ಬರೋರಿದ್ದಾರೆ?" ಎಂದ. "ನಿಮ್ಮಪ್ಪ ಬತ್ತಾನೆ, ಬಾಗ್ಲು ತೆಗ್ದಿರು" ಎಂದು ಅವ್ವ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವ್ವ ಕಿಟಕಿ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಬಟವಾಡಿಯಲ್ಲಿ ಒಬ್ಬ ಹೆಂಗಸು ಸಿಕ್ಕಿದರು. ಗಂಡ ತೀರಿಕೊಂಡು ಬಹಳ ವರ್ಷವಾದವರು. ನಮ್ಮನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಪೂರ್ತಿ ಕತೆ ಕೇಳಿದರು. ಕೇಳಿ ನಿಟ್ಟುಸಿರು ಬಿಟ್ಟು ಅಂದರು: "ತಪ್ಪು ತಿಳ್ಕೋಬೇಡ ಕಣಮ್ಮ. ಸತ್ತೋಗಿದ್ರೆ ಕಣ್ಣು ಮುಚ್ಕೊಂಡು ಕೊಡ್ತಿದ್ದೆ. ಬದ್ಕಿದಾನೆ ಅಂದ್ರೆ ಯಾವತ್ತಾದ್ರೂ ಕುಡ್ಕೊಂಡು ಬಂದು ಬಾಗ್ಲು ಬಡೀತಾನೆ. ಇಲ್ದಿದ್ರೆ ಬೇರೆ ಯಾರೋ ಬರ್ತಾರೆ. ಬೀದಿಯೋರು ನನ್ನ ಕೇಳ್ತಾರೆ." ಅವರ ಮೇಲೆ ನನಗೆ ಕೋಪವೂ ಬರಲಿಲ್ಲ. ಅಷ್ಟು ದಿನಗಳಲ್ಲಿ ಮುಖ ನೋಡಿ ನಿಜ ಹೇಳಿದವರು ಅವರೊಬ್ಬರೇ.

ಮುಂದಿನ ಭಾನುವಾರ ನಾವು ಹತ್ತಿದ್ದು ಶೆಟ್ಟಿಹಳ್ಳಿಯ ಬಸ್ಸು. ರೈಲ್ವೆ ಗೇಟು ಹಾಕಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿ ಬೀಡಿ ಸೇದಲು ಕೆಳಗಿಳಿದ. ಅವ್ವ ನನ್ನ ಕಡೆ ನೋಡದೆ, "ತೆಗ್ದ್‌ಬುಡು" ಎಂದಳು.

"ಏನ?"

"ಕತ್ತಲ್ಲಿರೋದ್ನ. ಬಳೆನೂವೆ."

"ಅವ್ವಾ, ಆತ ಬದುಕವ್ನೆ."

"ಯಾರಿಗೆ ಬದುಕವ್ನೆ? ನಿಂಗಾ? ನಿನ್ ಮಗೀಗಾ? ಗೇಟು ತೆಗಿಯೋದ್ರೊಳ್ಗೆ ತೆಗ್ದ್‌ಬುಡು."

ನಾನು ತವರಿಗೆ ಬಂದ ಮೇಲೂ ಪ್ರತಿ ಸೋಮವಾರ ಅಳಿಯನ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಿದ್ದವಳು ಇವಳು. ಆತನ ಮನಸ್ಸು ತಿರುಗಲಿ ಎಂದು ಹೊರದ ಹರಕೆಯಿಲ್ಲ. ಅಂಥವಳ ಬಾಯಲ್ಲಿ ಈ ಮಾತು ಬಂದಾಗ ನನಗೆ ಎದುರಾಡುವ ಶಕ್ತಿ ಉಳಿದಿರಲಿಲ್ಲ. ಸರದ ಕೊಂಡಿ ಬಿಗಿದುಕೊಂಡಿತ್ತು. ಅವ್ವನೇ ನನ್ನ ಕತ್ತಿಗೆ ಬಾಗಿ ಹಲ್ಲಿನಿಂದ ಎಳೆದು ಬಿಡಿಸಿದಳು, ಬಿಡಿಸಿ ತನ್ನ ಸೆರಗಿಗೆ ಗಂಟು ಹಾಕಿಕೊಂಡಳು. ಬಳೆಗಳನ್ನು ನಾನು ಒಂದೊಂದಾಗಿ ಜಾರಿಸಿ ಬ್ಯಾಗಿಗೆ ಹಾಕಿದೆ. ಹಣೆಯ ಕುಂಕುಮವನ್ನು ಅವ್ವ ಒದ್ದೆ ಮಾಡಿಕೊಂಡ ಸೆರಗಿನಿಂದ ಒರೆಸಿದಳು. ಪಕ್ಕದ ಸೀಟಿನ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಗೂಡ್ಸ್ ರೈಲು ಹೋಯಿತು, ಗೇಟು ತೆಗೆದರು, ಡ್ರೈವರ್ ಬಂದು ಕೂತ.

ಆ ದಿನವೇ ಮನೆ ಸಿಕ್ಕಿತು. ಓನರಮ್ಮನ ಮನೆಯ ಹಿಂಭಾಗದ ಒಂದು ಕೋಣೆ, ನಡುವೆ ಒಂದೇ ಗೋಡೆ. ಅವರೂ ಗಂಡನನ್ನು ಕಳೆದುಕೊಂಡವರೇ. "ಮನೆಯೋರು?" ಎಂದು ಕೇಳಿದಾಗ ಅವ್ವ, "ಹೋಗ್ಬುಟ್ರು ಕಣ್ರವ್ವ, ಈ ಮಗೀನ ನಡುನೀರಲ್ಲಿ ಕೈ ಬುಟ್ಟು ಹೋಗ್ಬುಟ್ರು" ಎಂದು ಗೋಳೋ ಎಂದು ಅತ್ತಳು. ಅದರಲ್ಲಿ ನಾಟಕ ಒಂಚೂರೂ ಇರಲಿಲ್ಲ. ಓನರಮ್ಮನೂ ಅತ್ತರು. ಕಾಫಿ ಕೊಟ್ಟು, ಬೀಗ ತೆಗೆದು ಕೋಣೆ ತೋರಿಸಿದರು. ಅಡ್ವಾನ್ಸಿಗೆ ಅದೇ ಸರವನ್ನು ಮಾರಿದೆವು. ಗಂಡ ಅನ್ನಿಸಿಕೊಂಡವನಿಂದ ನನಗಾದ ಉಪಕಾರ ಅದೊಂದೇ.

ಮಗಳನ್ನು ಕುಣಿಗಲ್ಲಿನಿಂದ ಕರೆತರುವಾಗ ಬಸ್ಸಿನಲ್ಲೇ ಹೇಳಿಕೊಟ್ಟೆ: "ಅಲ್ಲಿ ಯಾರಾದ್ರೂ ನಿಮ್ಮಪ್ಪ ಎಲ್ಲಿ ಅಂದ್ರೆ, ತೀರ್ಕೊಂಡ್ರು ಅನ್ಬೇಕು." ಅವಳು ತಲೆಯಾಡಿಸಿದಳು. ಹೆಬ್ಬೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಹೆಂಗ್ ತೀರ್ಕೊಂಡ್ರು ಅಂದ್ರೆ?" ಅದನ್ನು ನಾನಾಗಲಿ ಅವ್ವನಾಗಲಿ ಯೋಚಿಸಿಯೇ ಇರಲಿಲ್ಲ. "ಜ್ವರ ಬಂದು ಅನ್ನು."

"ಆಸ್ಪತ್ರೆಗೆ ಸೇರ್ಸಿದ್ರಾ?"

"ಸುಮ್ನೆ ಕೂತ್ಕೊಳೇ" ಎಂದು ಗದರಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅಂದಿನಿಂದ ಅವಳ ಬಾಯಲ್ಲಿ ಅಪ್ಪ ಎಂಬ ಮಾತು ನಾನು ಕೇಳಲಿಲ್ಲ.

ಮನೆಯೇನೋ ಆಯಿತು. ಚಿಲಕ ಹಾಕಿಕೊಂಡು ಮಲಗುವ ಸುಖವೂ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಆದರೆ ಗೌರಿಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವವರು ಅಕ್ಕಪಕ್ಕದ ಬಾಗಿಲು ತಟ್ಟಿ ನಮ್ಮ ಬಾಗಿಲು ದಾಟಿ ಹೋಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಿಂದ. ನನಗೆ ಮೂವತ್ತೂ ತುಂಬಿರಲಿಲ್ಲ. ಹೂವು ಮುಡಿಯುವ ಆಸೆ ಸತ್ತಿರಲಿಲ್ಲ. ಓನರಮ್ಮ ಮಾತ್ರ ನನ್ನನ್ನು ಹಚ್ಚಿಕೊಂಡರು. "ನಿಂದೂ ನಂದೂ ಒಂದೇ ಹಣೆಬರ ಕಣಮ್ಮ" ಅನ್ನುತ್ತಿದ್ದರು. ಹಿರಿಯರ ಹಬ್ಬ ಬಂದಾಗ, "ಯಜಮಾನ್ರಿಗೆ ಎಡೆ ಇಡಲ್ವಾ? ಏನಿಷ್ಟ ಅವ್ರಿಗೆ?" ಎಂದು ಕೇಳಿದರು. ನಾನು ಖಾರದ ನಿಪ್ಪಟ್ಟು ಎಂದೆ, ಅದು ನಿಜವೇ. ಇಬ್ಬರೂ ಕೂತು ನಿಪ್ಪಟ್ಟು ತಟ್ಟಿದೆವು. ಆತ ಗುಬ್ಬಿಯಲ್ಲಿ ಇನ್ನೊಬ್ಬಳ ಕೈಯಡುಗೆ ಉಣ್ಣುತ್ತಿದ್ದ, ನಾನು ಇಲ್ಲಿ ಬಾಳೆಎಲೆ ಹಾಸಿ ಎಡೆ ಇಟ್ಟು ಕೈ ಮುಗಿಯುತ್ತಿದ್ದೆ. ಪ್ರತಿ ವರ್ಷವೂ ಇಟ್ಟೆ. ನಗಬೇಕೆನಿಸಿದರೆ ನಗಬಹುದು, ನನಗೆ ಮಾತ್ರ ನಗು ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅವ್ವ ತೀರಿಕೊಂಡಿದ್ದಳು, ಮಗಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಒಂದು ದಿನ ಆಫೀಸಿಗೆ ಫೋನು ಬಂತು. ಗುಬ್ಬಿಯ ದೂರದ ನೆಂಟರು. ಬೆಳಿಗ್ಗೆ ಆತ ಎದೆ ನೋವು ಎಂದನಂತೆ, ಅಷ್ಟೇ, ಹೋಗಿಬಿಟ್ಟನಂತೆ. ಮಗಳಿಗೆ ಫೋನ್ ಮಾಡಿದೆ. "ನಾಳೆ ಪರೀಕ್ಷೆ ಇದೆ" ಎಂದಳು. ಯಾರೋ ನೆಂಟರು ಹೋಗಿಬಿಟ್ಟರು ಎಂದು ಅರ್ಧ ದಿನ ರಜೆ ಕೇಳಿ ಗುಬ್ಬಿ ಬಸ್ಸು ಹತ್ತಿದೆ. ನಿಂತುಕೊಂಡೇ ಹೋದೆ.

ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಆ ಹೆಂಗಸನ್ನು ಕೂರಿಸಿಕೊಂಡು ಅಳುತ್ತಿದ್ದರು. ಅವಳ ಕೈತುಂಬ ಹಸಿರು ಬಳೆ. ಗಂಡನ ಕಡೆಯ ಒಬ್ಬ ಮುದುಕಿ ನನ್ನ ಗುರುತು ಹಿಡಿದು, "ಬಾರವ್ವ, ನೀನೇ ತಾನೆ ಮೊದ್ಲವ್ಳು" ಎಂದು ನನ್ನ ಕೈ ಹಿಡಿದು ಮುಂದಕ್ಕೆ ಎಳೆದಳು. ಎಳೆದವಳು ನನ್ನ ಬರಿಗೈ ನೋಡಿದಳು, ಹಣೆ ನೋಡಿದಳು, ಕತ್ತು ನೋಡಿದಳು. ಕೈ ಬಿಟ್ಟಳು. ನಾನು ಗೋಡೆಯ ಪಕ್ಕ ನಿಂತಿದ್ದು, ಹೆಣ ಎತ್ತಿದ ಮೇಲೆ ಹೊರಟು ಬಂದೆ.

ಬಸ್ಸಿನಲ್ಲಿ ಅಳು ಬರಲಿಲ್ಲ. ಮನೆಗೆ ಬಂದು ತಲೆ ಮೇಲೆ ನೀರು ಸುರಿದುಕೊಂಡು ಬಾಗಿಲ ಹತ್ತಿರ ಕೂತಾಗ ಬಂತು, ತಡೆಯಲು ಆಗಲಿಲ್ಲ. ಆತನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಸತ್ತುಹೋದ ಅವ್ವನ ಮೇಲೂ ಸಿಟ್ಟು. ಗೋಡೆಯಾಚೆ ಕೇಳಿಸಿರಬೇಕು, ಓನರಮ್ಮ ಬಂದರು. ನನ್ನ ಒದ್ದೆ ಕೂದಲು ನೋಡಿ ಸಾವು ಎಂದು ಅವರಿಗೆ ಅರ್ಥವಾಯಿತು.

"ಯಾರಮ್ಮ ಹೋಗಿದ್ದು?"

"ಗುಬ್ಬಿಲಿ ಒಬ್ರು."

"ಹತ್ರದೋರಾ?"

"ಇಲ್ಲ, ದೂರ."

ಅವರು ನನ್ನ ಪಕ್ಕ ಕೂತು ಬೆನ್ನು ಸವರಿದರು. "ಗಂಡ ಹೋದಾಗ್ಲೇ ಎದೆ ಕಲ್ಲು ಮಾಡ್ಕೊಂಡು ಮಗು ಸಾಕ್ದೋಳು ನೀನು. ಇಷ್ಟ್ ವರ್ಷದಲ್ಲಿ ಒಂದಿನ ಅವ್ರಿಗೋಸ್ಕರ ಅತ್ತಿದ್ದು ನಾನ್ ನೋಡಿಲ್ಲ. ಯಾರೋ ದೂರದೋರಿಗೆ ಹಿಂಗ್ ಅಳ್ತಾರಾ?"

ಇಲ್ಲ ಎಂದೆ. ಕಣ್ಣೊರೆಸಿಕೊಂಡು ಅಕ್ಕಿ ತೊಳೆಯಲು ಎದ್ದೆ.