ಅವತ್ತು ಮಳೆ ಇರಲಿಲ್ಲ

ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ೧೯೯೪ರಲ್ಲಿ. ಓದಿದಷ್ಟು ದಿನ ಇನ್ನೊಬ್ಬರ ಪುಸ್ತಕ ನೋಡಿ ಒಂದಕ್ಷರ ಬರೆದವನಲ್ಲ. ಕದ್ದದ್ದು ಆಮೇಲೆ, ಮದುವೆಯಾಗಿ ಮಕ್ಕಳಾದ ಮೇಲೆ — ನಿಮ್ಮ ಹಾಡಿನ ಪುಸ್ತಕವನ್ನು, ವನಜಕ್ಕ. ಅದು ಜೂಜುವಾಡಿಯಲ್ಲಿ ಆರ್ಕೆಸ್ಟ್ರಾದ ವ್ಯಾನಿನಿಂದ ಬಿದ್ದುಹೋಗಲಿಲ್ಲ. ನನ್ನ ಬೀರುವಿನಲ್ಲಿದೆ.

ನನ್ನ ಗಂಟಲಿನ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಹಗಲೆಲ್ಲ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ, ಸಂಜೆ ಸ್ನಾನ ಮುಗಿಸಿ, ನಮ್ಮ ಆರ್ಕೆಸ್ಟ್ರಾದಲ್ಲಿ ನಿಮ್ಮ ಜೊತೆ ನಿಂತು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹಾಡಿದವನು. ಒಂದು ದಿನವೂ ಶ್ರುತಿ ಬಿಟ್ಟವನಲ್ಲ. ಆದರೆ ಮದುವೆ ಮನೆಯಲ್ಲಿ ನಾನು ಹಾಡುವಾಗ ಜನ ಊಟ ಮಾಡುತ್ತಿದ್ದರು. ನೀವು ಹಾಡಿದರೆ ತುತ್ತು ಬಾಯಿಗೆ ಹೋಗದೆ ಕೈಯಲ್ಲೇ ನಿಲ್ಲುತ್ತಿತ್ತು. ಯಾಕೆ ಎಂದು ನಿಮ್ಮನ್ನೇ ಕೇಳಿದೆ.

"ನೀನು ಎಲ್ರಿಗೂ ಹಾಡ್ತೀಯ ಕಣ್ಲಾ, ಅದ್ಕೇ ಯಾರ್ಗೂ ಮುಟ್ಟಲ್ಲ," ಅಂದಿರಿ. "ಒಬ್ರಿಗೆ ಹಾಡು."

ನಿಮ್ಮ ಪುಸ್ತಕ ಪೂರ್ತಿ ಅದೇ. ಹಾಡು ತಮಿಳಾದರೂ ಅಕ್ಷರ ಕನ್ನಡದ್ದು; ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಮೂರು ವಿಷಯ — ಯಾರಿಗೆ ಹೇಳುತ್ತಿದ್ದೇನೆ, ಎಲ್ಲಿ ನಿಂತಿದ್ದೇನೆ, ಈಗ ತಾನೇ ಏನಾಯಿತು. ಸಾಲುಗಳನ್ನು ಮೊದಲು ರಾಗವಿಲ್ಲದೆ, ಮಾತಿನ ಹಾಗೆ ಹೇಳಿನೋಡಬೇಕು. ನಡುವೆ ಬರೀ ವಾದ್ಯ ನುಡಿಯುವಾಗ ಸುಮ್ಮನೆ ನಿಲ್ಲಬಾರದು, ಎದುರಿನವರ ಉತ್ತರಕ್ಕೆ ಕಾಯಬೇಕು. ಒಂದು ತಾಯಿಯ ಹಾಡಿನ ಪಕ್ಕ ಹೀಗಿತ್ತು: "ಕೃಷ್ಣಗಿರಿ ಬಸ್ ಸ್ಟ್ಯಾಂಡ್. ಅವ್ವ ಈಗ ಬತ್ತೀನಿ ಅಂತ ಬಸ್ ಹತ್ತಿದಳು. ಬರಲಿಲ್ಲ. ನನ್ನ ಕೈಲಿ ಬನ್ನು. ಅಳಬೇಡ — ಅವ್ವ ಯಾವ ಕಿಟಕೀಲಿ ಕೂತಿದ್ದಾಳೆ, ಹುಡುಕು."

ಡಾಕ್ಟರು ನಿಮ್ಮ ಗಂಟಲಿಗೆ ಒಂದು ವರ್ಷ ವಿಶ್ರಾಂತಿ ಬೇಕೆಂದಾಗ ಆ ಪುಸ್ತಕವನ್ನು ನೀವೇ ನನ್ನ ಕೈಗಿಟ್ಟಿರಿ. ವಾಸಿಯಾದ ಮೇಲೆ ಇಲ್ಲೇ ಆಲಸನತ್ತಂನಲ್ಲಿ ಹಾಡಿನ ಕ್ಲಾಸು ತೆರೆಯುತ್ತೇನೆ, ಪಾಠಕ್ಕೆ ಇದೇ ಬೇಕು, ಜೋಪಾನ ಎಂದಿರಿ. ಆ ಒಂದು ವರ್ಷದಲ್ಲಿ — ಹೇಗೆ ಹೇಳಲಿ — ನನ್ನ ಹಾಡಿಗೂ ತುತ್ತು ನಿಂತಿತು. ಜನ ಮೇಷ್ಟ್ರೇ ಎಂದು ಕರೆದರು. ಎಂಟನೇ ಕ್ಲಾಸಿನವನನ್ನು, ಮೇಷ್ಟ್ರೇ ಅಂತ! ನೀವು ಪುಸ್ತಕ ಕೇಳಲು ಬಂದ ದಿನ ನನ್ನ ನಾಲಿಗೆ ತಡವರಿಸಲೂ ಇಲ್ಲ.

"ಕಳ್ದೋಯ್ತು ಕಣಕ್ಕ. ಜೂಜುವಾಡಿ ತಾವ ವ್ಯಾನಿಂದ ಬಿದ್ದೋಗ್ಬುಡ್ತು."

ನೀವು ನಂಬಿದಿರಿ. ಇಪ್ಪತ್ತು ವರ್ಷ ಕೂತು ಬರೆದದ್ದನ್ನು ಮತ್ತೆ ಬರೆಯಲು ಆಗುವುದಿಲ್ಲವೆಂದು ಗಾರ್ಮೆಂಟ್ಸಿಗೆ ಸೇರಿದಿರಿ. ಆಲಸನತ್ತಂನಲ್ಲಿ ಕ್ಲಾಸು ತೆರೆದವನು ನಾನು. ಪಾಠ ಚೆನ್ನಾಗಿಯೇ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಈ ಕ್ರಮ ನಾನೇ ಕಂಡುಕೊಂಡದ್ದು ಎಂದೆ. ಅಲ್ಲಿಗೂ ನಿಲ್ಲಲಿಲ್ಲ... ತಾಯಿಯ ಹಾಡನ್ನು ಯಾರಿಗೆ ಹಾಡುತ್ತೀರಿ ಮೇಷ್ಟ್ರೇ ಎಂದು ಶಿಷ್ಯರು ನನ್ನನ್ನು ಕೇಳಿದಾಗ ಬಸ್ ಸ್ಟ್ಯಾಂಡಿನ ಕತೆ ಹೇಳಿದೆ. ನನ್ನದೇ ಎಂದು. ನನ್ನ ಅವ್ವ ನನ್ನನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ; ನಿನ್ನೆಯೂ ತಟ್ಟೆಗೆ ಮುದ್ದೆ ಹಾಕಿದ್ದಾಳೆ.

ಹೋದ ತಿಂಗಳು ಕ್ಲಾಸಿನ ವಾರ್ಷಿಕೋತ್ಸವದಲ್ಲಿ, ಹಾಡುವ ಮೊದಲು, ಮೈಕಿನಲ್ಲಿ ಅದೇ ಕತೆ ಹೇಳಿದೆ. ಹೇಳಿ ಹೇಳಿ ಅದಕ್ಕೊಂದು ಮಳೆಯನ್ನೂ ಸೇರಿಸಿದ್ದೆ — ಬನ್ನು ನೆನೆದುಹೋಯಿತು ಎಂದೆ. ಸಭೆಯಲ್ಲಿ ಜನ ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿ ಒಬ್ಬರು ಮಾತ್ರ ಒರೆಸಿಕೊಳ್ಳಲಿಲ್ಲ. ನಿಮ್ಮ ಪಕ್ಕದ ಮನೆಯ ಹುಡುಗಿಯ ಹಾಡು ಕೇಳಲು ನೀವು ಬಂದಿದ್ದಿರಂತೆ, ನನಗೆ ಗೊತ್ತಿರಲಿಲ್ಲ. ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದಿರಿ. ಬಯ್ಯುತ್ತೀರಿ ಅಂದುಕೊಂಡೆ. ಬೈದಿದ್ದರೆ ನಾನೂ ಏನಾದರೊಂದು...

"ಅವತ್ತು ಮಳೆ ಇರ್ಲಿಲ್ಲ ಕಣ್ಲಾ ಮುನಿರಾಜ," ಅಂದಿರಿ. "ಬಿಸ್ಲು. ಬನ್ನು ಒಣಗೋಗಿತ್ತು."

ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ.

ಓದದವನು, ತಿಳಿಯಲಿಲ್ಲ ಎನ್ನಬಹುದಿತ್ತು. ಅದು ಇನ್ನೊಂದು ಸುಳ್ಳಾದೀತು. ಪ್ರತಿ ಸಲವೂ ತಿಳಿದೇ ಹೇಳಿದೆ. ಬರುವ ಭಾನುವಾರ ಈ ಕಾಗದವನ್ನು ಶಿಷ್ಯರ ಎದುರು ನಾನೇ ಓದುತ್ತೇನೆ — ರಾಗವಿಲ್ಲದೆ, ಮಾತಿನ ಹಾಗೆ. ಆಮೇಲೆ ಪುಸ್ತಕ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ತೆಗೆಯುವುದು ಬಿಡುವುದು ನಿಮ್ಮಿಷ್ಟ. ಕ್ಲಾಸಿನ ಬೋರ್ಡಿನ ಮೇಲೆ ಯಾರ ಹೆಸರು ಇರಬೇಕು ಎಂಬುದನ್ನೂ ನೀವೇ ಹೇಳಿ.

ಈಗ ನನ್ನ ಹತ್ತಿರ ಇರುವುದು: ಒಂದು ಹಾರ್ಮೋನಿಯಂ, ಎರಡು ಮೈಕು, ಹತ್ತೊಂಬತ್ತು ಶಿಷ್ಯರು, ಕೆಡದ ಒಂದು ಗಂಟಲು. ಪುಸ್ತಕದಲ್ಲಿ ಹಾಡು ನಲವತ್ತೊಂದು. ಅಂಚಿನಲ್ಲಿ ನಾನು ಬರೆದ ಸಾಲು, ಒಂದೂ ಇಲ್ಲ.