ಪೆಟ್ಟಿಗೆಯೊಳಗಿನ ಹನ್ನೊಂದು ನಿಮಿಷ

ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಅಂತಲೇ ಕರೆಯುತ್ತಿದ್ದರು. ನಾಲ್ಕು ದರ್ಜಿ ಅಂಗಡಿಗಳಲ್ಲಿ ಹೊಲಿದ ಅಂಗಿಗಳನ್ನು ಮನೆಗೆ ತಂದು, ಗುಂಡಿ ತೂರುವ ಕಾಜಾ ಕತ್ತರಿಸಿ ಅಂಚು ಹೊಲಿದು, ಗುಂಡಿ ಹಚ್ಚಿ ಕೊಡುವುದು ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ಮಾಡಿ, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಎದೆಯ ಮೇಲಿನ ಗುಂಡಿಸಾಲು ನೋಡುವ ಅಭ್ಯಾಸ ಅಂಟಿಕೊಂಡಿತ್ತು. ಒಂದು ಗುಂಡಿ ಜೋತಾಡುತ್ತಿದ್ದರೂ "ನಿಲ್ಲಪ್ಪ ಒಂದು ನಿಮಿಷ" ಅಂತ ನಿಲ್ಲಿಸಿ, ಮೈಮೇಲಿದ್ದ ಹಾಗೇ ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದು ಕಳಿಸುತ್ತಿದ್ದಳು. ಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರೂ ಮೋಸ ಮಾಡುವಂತಿರಲಿಲ್ಲ. ಮನುಷ್ಯರನ್ನು ಅಳೆಯುವುದಕ್ಕೆ ಮಾತ್ರ ಅವಳ ಹತ್ತಿರ ಬೇರೊಂದು ಅಳತೆಪಟ್ಟಿ ಇತ್ತು. ಅದು ಗಂಡನಿಂದ ಬಂದದ್ದು, ಕಡೆಗೆ ಕೈಕೊಟ್ಟಿದ್ದೂ ಅದೇ.

ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಇಪ್ಪತ್ತಾರು ವರ್ಷ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ ಯಾವ ಪ್ಲಾಟ್‌ಫಾರಂಗೆ ಬರುತ್ತಿದೆ ಅಂತ ಮೈಕಿನಲ್ಲಿ ಹೇಳಿದವರು. ಅವರ ಬಾಯಿಂದ ಒಂದೊಂದು ಅಕ್ಷರವೂ ತೊಳೆದು ಬೋರಲು ಹಾಕಿದ ಲೋಟದ ಹಾಗೆ ಬಿಡಿಬಿಡಿಯಾಗಿ ಬರುತ್ತಿತ್ತು. ದನಿಗಿಂತ ದೊಡ್ಡದು ಅವರ ನಿಯಮ. ತಿರುವಿನಲ್ಲಿ ಬಸ್ಸಿನ ಮೂತಿ ತಮ್ಮ ಕಣ್ಣಿಗೆ ಕಾಣುವವರೆಗೂ ಮೈಕ್ ಮುಟ್ಟುತ್ತಿರಲಿಲ್ಲ. ಡಿಪೋದಿಂದ ಫೋನ್ ಮಾಡಿ "ಹೊರಟಾಯ್ತು, ಹೇಳಿಬಿಡಿ" ಅಂದರೂ ಇಲ್ಲ, ಮೇಲಿನವರು ಬಂದು ಗದರಿದರೂ ಇಲ್ಲ. "ಕಾಣದ ಬಸ್ಸನ್ನ ಕೂಗಬಾರದು, ಜನ ಕಾಯ್ತಾರೆ" ಅನ್ನುತ್ತಿದ್ದರು. ಹಾಗಾಗಿ ಅವರು ಕೂಗಿದ ಬಸ್ ಬಾರದೇ ಹೋದ ದಿನವಿಲ್ಲ. ಅಂಥವರ ಜೊತೆ ಬಾಳಿದ ಹೆಂಗಸಿಗೆ, ಬಿಡಿಸಿ ಸ್ಪಷ್ಟವಾಗಿ ಮಾತಾಡುವವನು ನಿಜವನ್ನೇ ಹೇಳುತ್ತಾನೆ ಅನ್ನುವ ನಂಬಿಕೆ ರಕ್ತಕ್ಕೇ ಇಳಿದಿದ್ದರೆ ಅವಳನ್ನು ಬೈಯುವುದು ಹೇಗೆ?

ಕೆಲಸ ಬಿಟ್ಟ ಮೇಲೆ ವರ್ಷ ತುಂಬುವುದರೊಳಗೆ ಅವರ ನೆನಪು ಕಳಚತೊಡಗಿತು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ಬಚ್ಚಲುಮನೆಯ ದಾರಿ, ಆಮೇಲೆ ಹೆಂಡತಿ. ಒಂದು ಬೆಳಿಗ್ಗೆ ಅವಳು ಲೋಟ ಕೈಗೆ ಕೊಟ್ಟಾಗ "ನಿಮಗೆ ತೊಂದರೆ ಆಯ್ತಮ್ಮ" ಅಂದರು. ಮೂವತ್ತೆರಡು ವರ್ಷ "ಏನೇ" ಅಂತ ಕರೆದ ಬಾಯಿ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಮುಂದಕ್ಕೆ ಹೋಗುವ ಕಾಯಿಲೆಯೇ ಹೊರತು ಹಿಂದಕ್ಕೆ ಬರುವಂಥದ್ದಲ್ಲ ಅಂದರು. ಅವರೂ ಸ್ಪಷ್ಟವಾಗಿಯೇ ಹೇಳಿದರು.

ಹೀಗಿರುವಾಗ ಸಿಕ್ಕಿದ್ದು ಆ ಹನ್ನೊಂದು ನಿಮಿಷ. ಅವರು ಕೆಲಸ ಬಿಡುವ ಮೊದಲಿನ ವರ್ಷ, ಕೇಬಲ್‌ನವರು ತಮ್ಮದೇ ಸಣ್ಣ ಚಾನೆಲ್ಲಿಗೆ ಬಸ್ ನಿಲ್ದಾಣದ ಬಗ್ಗೆ ಒಂದು ಕಾರ್ಯಕ್ರಮ ಮಾಡಿದ್ದರು. ಗಾಜಿನ ಗೂಡು, ಮೈಕು, ಇಸ್ತ್ರಿ ಅಂಗಿಯಲ್ಲಿ ಗಂಡ. ಕಾಜಾ ಅಕ್ಕ ಆಗಷ್ಟೇ ಕೊಂಡಿದ್ದ ಕೇಬಲ್ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿ ಅದನ್ನು ರೆಕಾರ್ಡ್ ಮಾಡಿಟ್ಟಿದ್ದಳು, ಆಮೇಲೆ ಮರೆತೂ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಗಂಡ "ಡ್ಯೂಟಿಗೆ ಹೊತ್ತಾಯ್ತು" ಅಂತ ಚಪ್ಪಲಿ ಹುಡುಕುತ್ತ ರಂಪ ಮಾಡುವಾಗ, ದಿಕ್ಕು ತೋಚದೆ ಅದನ್ನು ಹಚ್ಚಿದಳು. ಅವರು ನಿಂತಲ್ಲೇ ನಿಂತರು. ಕೂತರು. ಟಿವಿಯಲ್ಲಿ ತಮ್ಮದೇ ದನಿ "ಪ್ರಯಾಣಿಕರು ಗಮನಿಸಿ, ಹನ್ನೊಂದನೇ ನಂಬರಿನ ಬಸ್ಸು, ಹಳೇ ಗಿರಣಿ, ದೊಡ್ಡಾಸ್ಪತ್ರೆ ಮಾರ್ಗವಾಗಿ ಹೋಗುವ ಬಸ್ಸು, ಮೂರನೇ ಪ್ಲಾಟ್‌ಫಾರಂಗೆ ಬರುತ್ತಿದೆ" ಅಂದಾಗ ಜೊತೆಗೆ ತಾವೂ ತುಟಿ ಆಡಿಸಿದರು. ಮುಗಿದ ಮೇಲೆ ಅವಳ ಕಡೆ ತಿರುಗಿ, "ಏನೇ, ಊಟ ಆಯ್ತೇನೇ ನಿಂದು?" ಅಂದರು.

ಅಂದಿನಿಂದ ದಿನಾ ಮೂರು ಗಂಟೆಗೆ ಅದೇ. ನೋಡಿದ ಮೇಲೆ ಒಂದು ಗಂಟೆ, ಅದೃಷ್ಟವಿದ್ದರೆ ಒಂದೂವರೆ, ಗಂಡ ಅವಳಿಗೆ ಮರಳಿ ಸಿಗುತ್ತಿದ್ದರು. ತುತ್ತು ಜಗಿದು ನುಂಗುತ್ತಿದ್ದರು, ಅವಳು ಹೊಲಿದ ಕಾಜಾಕ್ಕೆ ಬೆರಳು ತೂರಿಸಿ "ಬಿಗಿ ಆಯ್ತಲ್ಲೇ" ಅಂತ ತಕರಾರು ತೆಗೆಯುತ್ತಿದ್ದರು. ಆ ತಕರಾರು ಕೇಳುವುದಕ್ಕಾಗಿ ಅವಳು ಕೆಲವು ಕಾಜಾಗಳನ್ನು ಬೇಕಂತಲೇ ಬಿಗಿ ಮಾಡುತ್ತಿದ್ದದ್ದೂ ಉಂಟು. ನಾಲ್ಕೂವರೆಗೆ ಮತ್ತೆ "ಅಮ್ಮ, ನೀವು ಯಾರು?" ಇರಲಿ, ನಾಳೆ ಮೂರು ಗಂಟೆ ಇದೆಯಲ್ಲ ಅನ್ನುವುದೇ ಅವಳ ಧೈರ್ಯವಾಗಿತ್ತು.

ಕಷ್ಟ ಬಂದದ್ದು ಕೇಬಲ್ ಲೈನಿನಿಂದ. ರಸ್ತೆ ಅಗೆತ ಶುರುವಾಗಿ, ದಿನ ಬಿಟ್ಟು ದಿನ ಲೈನ್ ಹೋಗತೊಡಗಿತು. ಲೈನ್ ಇಲ್ಲದಿದ್ದರೆ ಆ ಪೆಟ್ಟಿಗೆ ತನ್ನ ಹೊಟ್ಟೆಯಲ್ಲಿರುವುದನ್ನೂ ತೋರಿಸುತ್ತಿರಲಿಲ್ಲ, ಹಾಗೆ ಮಾಡಿಟ್ಟಿದ್ದರು ಪುಣ್ಯಾತ್ಮರು. ಅಂಥ ಒಂದು ದಿನ ಮೂರಕ್ಕೆ ಟಿವಿ ಕಪ್ಪಗಿತ್ತು. ಮೂರೂಕಾಲಿಗೆ ಗಂಡ ಮನೆಯಲ್ಲಿರಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ, ಲಾರಿಗಳ ನಡುವೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಹಣ್ಣಿನ ಗಾಡಿಯವನೊಬ್ಬ ಕೈಹಿಡಿದು ಕರೆತಂದ.

"ಇನ್ನೂ ಆ ಹಾಳು ಕೇಬಲ್ಲಿಗೆ ಯಾಕೆ ಅಂಟ್ಕೊಂಡಿದೀರಾ ಅತ್ತಿಗೆ?" ಅಂದಳು ಮಹಡಿಯ ಮೇಲಿದ್ದ ನಾದಿನಿ. ಕೆಟ್ಟವಳಲ್ಲ ಅವಳು, ಧಾರಾವಾಹಿಯೊಂದು ತಪ್ಪಿದರೆ ಮಾತ್ರ ಕೆಟ್ಟವಳು. "ಡಿಶ್ ಹಾಕಿಸಿ. ಅದಕ್ಕೆ ಲೈನೂ ಬೇಡ, ಕಂಬಾನೂ ಬೇಡ. ಒಂದೇ ಸಲಕ್ಕೆ ನಾಲ್ಕು ಪ್ರೋಗ್ರಾಂ ರೆಕಾರ್ಡ್ ಆಗುತ್ತಂತೆ."

"ನಾಲ್ಕು ಕಟ್ಕೊಂಡು ನಾನೇನು ಮಾಡ್ಲಿ? ನಂಗೆ ಇರೋ ಒಂದು ಬೇಕು."

ಮೊದಲು ಕೇಬಲ್‌ನವನನ್ನು ಕರೆಸಿದಳು. ಬೀದಿಯ ಮಟ್ಟಿಗೆ ಅವನ ಹೆಸರು ತಂತಿ. ಬಾಯಲ್ಲಿ ಸದಾ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು, ಅರ್ಧ ಮಾತು ನುಂಗಿ ಅರ್ಧ ಉಗುಳುವ ಮನುಷ್ಯ. ಅಂಗಿಯ ಎರಡನೇ ಗುಂಡಿ ಇರಲೇ ಇಲ್ಲ.

"ಲೈನ್ ಯಾವಾಗ ಸರಿಹೋಗುತ್ತೆ ತಂತಿಯಣ್ಣ?"

"ಅದು... ಅಗೀತಾರಲ್ಲ... ಒಂದು ತಿಂಗಳು... ಹೆಚ್ಚೂ ಆಗ್ಬೋದು. ಹೇಳಕ್ಕಾಗಲ್ಲ ಅಕ್ಕಾ."

"ಡಿಶ್ ಹಾಕಿಸಿದ್ರೆ ಇದರಲ್ಲಿರೋದನ್ನ ಅದಕ್ಕೆ ತುಂಬಿಸೋಕಾಗುತ್ತಾ?"

ತಂತಿ ಕ್ಲಿಪ್ಪುಗಳನ್ನು ಅಂಗೈಗೆ ಉಗುಳಿಕೊಂಡ. "ಆಗಲ್ಲ ಅನ್ಸುತ್ತೆ... ಒಂದೊಂದು ಪೆಟ್ಟಿಗೆಗೂ ಅದರದೇ ಬೀಗ... ನಾನಂತೂ ನೋಡಿಲ್ಲ. ಇದನ್ನ ಯಾರಿಗೂ ಕೊಡ್ಬೇಡಿ ಅಕ್ಕಾ, ಕಾಯಿರಿ."

ಕಾಯುವುದಂತೆ. ತಾನು ಕಾಯುವಷ್ಟು ದಿನ ಲಾರಿಯೂ ಕಾಯುತ್ತದೆಯೇ? ಅನ್ಸುತ್ತೆ, ಆಗ್ಬೋದು, ಹೇಳಕ್ಕಾಗಲ್ಲ: ಮೂರು ಮಾತಿನಲ್ಲಿ ಮೂರು ತೊದಲು. ಅವಳು ಅವನ ಗುಂಡಿ ಹೊಲಿದು ಕಳಿಸಿದಳು. ನಂಬಲಿಲ್ಲ.

ಡಿಶ್ ಅಂಗಡಿಯವನು ಮರುದಿನ ಬಂದ. ಗುಂಡಿಸಾಲು ನೆಟ್ಟಗಿತ್ತು, ಮಾತು ಅದಕ್ಕಿಂತ ನೆಟ್ಟಗಿತ್ತು. ಅವಳು ಅದೇ ಪ್ರಶ್ನೆ ಕೇಳಿದಳು.

"ಆಗುತ್ತೆ ಮೇಡಂ. ನೂರಕ್ಕೆ ನೂರು. ಹಳೇ ಪೆಟ್ಟಿಗೆಯಿಂದ ಪೆನ್‌ಡ್ರೈವಿಗೆ, ಪೆನ್‌ಡ್ರೈವಿಂದ ಹೊಸ ಪೆಟ್ಟಿಗೆಗೆ. ಹತ್ತು ನಿಮಿಷದ ಕೆಲಸ. ಹಳೇದನ್ನ ನಾವೇ ತಗೊಂಡು ಹೋಗ್ತೀವಿ, ಹೊಸದಕ್ಕೆ ನೀವೇನೂ ಕೊಡಬೇಕಾಗಿಲ್ಲ."

ಒಂದೊಂದು ಅಕ್ಷರವೂ ಬಿಡಿಬಿಡಿ. ಗಾಜಿನ ಗೂಡಿನಿಂದಲೇ ಬಂದಂತಿತ್ತು. ಅವಳ ಎದೆಯ ಭಾರ ಇಳಿಯಿತು. ಬಂದ ಬಸ್ಸು ಹತ್ತುವವಳ ಹಾಗೆ "ಹಾಕಿಬಿಡಿ" ಅಂದಳು.

ಎರಡು ದಿನ ಬಿಟ್ಟು, ಲೈನ್ ಇದ್ದ ಬೆಳಿಗ್ಗೆ ಕೆಲಸ ನಡೆಯಿತು. ಪೆನ್‌ಡ್ರೈವಿಗೆ ತುಂಬುವಾಗ ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ತುದಿ ಮುಟ್ಟಿತು. ಹೊಸ ಪೆಟ್ಟಿಗೆಯಲ್ಲಿ ಕಾರ್ಯಕ್ರಮದ ಹೆಸರೂ ತಾರೀಖೂ ಕಂಡವು. "ನೋಡಿ ಮೇಡಂ, ಬಂತಲ್ಲ" ಅಂದ. ಅವಳು ಕಣ್ಣೊರೆಸಿಕೊಂಡಳು. ಮೇಲೆ ಛಾವಣಿಯಲ್ಲಿ ಡಿಶ್ ತಿರುಗಿಸುತ್ತ ನಾದಿನಿ "ಬಂತಾ? ಬಂತಾ?" ಅಂತ ಕೂಗುತ್ತಿದ್ದಳು. ಆ ಗದ್ದಲದಲ್ಲಿ ಹಳೇ ಪೆಟ್ಟಿಗೆ ಒಂದು ಗೋಣಿಚೀಲದೊಳಗೆ ಹೋಯಿತು.

ಮೂರು ಗಂಟೆಗೆ ಗಂಡನನ್ನು ಕೂರಿಸಿ, ಹೆಸರಿನ ಮೇಲೆ ಒತ್ತಿದಳು. ಕಪ್ಪು. ಕಪ್ಪಿನ ನಡುವೆ ಒಂದು ಸಾಲು: ಈ ಕಾರ್ಯಕ್ರಮವನ್ನು ಈ ಪೆಟ್ಟಿಗೆಯಲ್ಲಿ ತೆರೆಯಲಾಗುವುದಿಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ ಸಾಲು. ಇಪ್ಪತ್ತು ಸಲ ಒತ್ತಿರಬೇಕು. ಬಾಗಿಲಿಗೆ ಚಿಲಕ ಹಾಕಿ, ಚಪ್ಪಲಿ ಕೇಳುತ್ತಿದ್ದ ಗಂಡನನ್ನು ನಾದಿನಿಯ ಕೈಗೆ ಕೊಟ್ಟು, ಅಂಗಡಿಗೆ ಓಡಿದಳು.

"ಅದು ಬೀಗ ಇರೋ ಫೈಲ್ ಮೇಡಂ. ಹಳೇ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುತ್ತೆ."

"ಹಂಗಾದ್ರೆ ಹಳೇ ಪೆಟ್ಟಿಗೆ ಕೊಡಿ. ಹೊಸದನ್ನ ನೀವೇ ಇಟ್ಕೊಳ್ಳಿ."

"ಬಂದ ತಕ್ಷಣ ಎಲ್ಲಾನೂ ಅಳಿಸಿಬಿಡ್ತೀವಿ ಮೇಡಂ. ಅದು ನಮ್ಮ ರೂಲ್ಸು."

ಅಂಗಡಿಯ ಹಿಂದೆ ಪೆಟ್ಟಿಗೆಗಳ ರಾಶಿ ಬಿದ್ದಿತ್ತು. ಯಾವುದು ತನ್ನದು ಅಂತ ಗೊತ್ತಾಗಲಿ ಎಂದು ಅವಳು ಅದರ ಮೂಲೆಗೆ ಒಂದು ಬಿಳಿ ಗುಂಡಿ ಅಂಟಿಸಿದ್ದಳು. ಹುಡುಕಿ ತೆಗೆದಳು. ಲೈನಿಗೆ ಹಚ್ಚಿಸಿ ನೋಡಿದರೂ ಒಳಗೆ ಏನೂ ಇರಲಿಲ್ಲ.

"ಆಗುತ್ತೆ ಅಂದಿದ್ರಲ್ಲ? ನೂರಕ್ಕೆ ನೂರು ಅಂದಿದ್ರಲ್ಲ?"

"ಸಾಮಾನ್ಯವಾಗಿ ಆಗುತ್ತೆ ಮೇಡಂ."

"ಆಗಿದ್ದನ್ನ ನೀವು ಕಣ್ಣಾರೆ ಯಾವತ್ತಾದ್ರೂ ನೋಡಿದೀರಾ?"

ಅವನು ಬಿಲ್ ಪುಸ್ತಕ ತಿರುವತೊಡಗಿದ. ಈ ಪ್ರಶ್ನೆಯನ್ನು ಮೂರು ದಿನ ಮೊದಲು ಕೇಳಬೇಕಿತ್ತು ಅಂತ ಅವಳಿಗೆ ಅಲ್ಲಿ ನಿಂತು ಹೊಳೆಯಿತು. ಇಪ್ಪತ್ತಾರು ವರ್ಷ ಗಂಡನ ದನಿಯನ್ನು ಕೇಳಿದ್ದಳು, ದನಿಯ ಹಿಂದಿದ್ದ ಕಣ್ಣನ್ನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. "ನಾನಂತೂ ನೋಡಿಲ್ಲ" ಅಂದವನು ತಂತಿಯೊಬ್ಬನೇ. ಕೆಟ್ಟ ಮೇಲೆ ಬುದ್ಧಿ ಬಂತು.

ಅಳುಕುತ್ತಲೇ ತಂತಿಯ ಹತ್ತಿರ ಹೋದಳು. ನಾನು ಹೇಳಿರಲಿಲ್ವಾ ಅಂತ ಅವನು ಎತ್ತಿ ಆಡಲಿಲ್ಲ. ಮುಚ್ಚಿಹೋಗಿದ್ದ ಚಾನೆಲ್ಲಿನ ಕೋಣೆಯ ಬೀಗ ತೆಗೆಸಿ, ಎರಡು ದಿನ ಧೂಳಿನಲ್ಲಿ ಕೂತು, ಇದ್ದಬದ್ದ ಟೇಪುಗಳನ್ನೆಲ್ಲ ಹಾಕಿ ನೋಡಿದ. ಎಲ್ಲದರ ಮೇಲೂ ಬೇರೆ ಯಾವುದೋ ಕ್ರಿಕೆಟ್ಟು, ಯಾರದೋ ಭಾಷಣ. ಮೂರನೇ ದಿನ ಮನೆ ಬಾಗಿಲಿಗೆ ಬಂದ. ಬಾಯಲ್ಲಿ ಒಂದು ಕ್ಲಿಪ್ಪೂ ಇರಲಿಲ್ಲ.

"ಇಲ್ಲ ಅಕ್ಕಾ" ಅಂದ. ಅವನು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಹೊಸ ಪೆಟ್ಟಿಗೆಗೆ ಏನೂ ದೋಷವಿರಲಿಲ್ಲ. ಒಂದು ದಿನವೂ ಚಿತ್ರ ನಿಲ್ಲಲಿಲ್ಲ. ನಾದಿನಿಯ ಧಾರಾವಾಹಿಗಳು ನಾಲ್ಕು ನಾಲ್ಕಾಗಿ ಅದರೊಳಗೆ ಪೇರಿಕೊಂಡವು. ಗಂಡನಿಗೆ ಬಸ್ಸು ಓಡುವ ಯಾವ ಚಾನೆಲ್ ತೋರಿಸಿದರೂ ಅಷ್ಟೇ, ಮೂರು ಗಂಟೆಯಾಗುತ್ತಲೇ ಬಾಗಿಲು ಗುದ್ದುತ್ತಿದ್ದರು. "ಬಾಗಿಲು ತೆಗೀರಮ್ಮ, ಯಾರಮ್ಮ ನೀವು, ಯಾಕೆ ನನ್ನ ಕೂಡಿಹಾಕಿದೀರಾ?" ಅವಳು ಚಿಲಕಕ್ಕೆ ಬೆನ್ನು ಕೊಟ್ಟು ಕೂತು ಕಾಜಾ ಹೊಲಿಯುತ್ತಿದ್ದಳು. ಬೇಕಂತ ಬಿಗಿ ಮಾಡಿದವನ್ನೂ ಯಾರೂ ಕೇಳುವವರಿರಲಿಲ್ಲ. ಹದಿನೈದು ದಿನಕ್ಕೆ ಅವರು ಊಟ ಅರ್ಧ ಮಾಡಿದರು, ತಿಂಗಳಿಗೆ ಕಾಲು.

ಕಡೆಗೆ ಅವಳಿಗೊಂದು ಉಪಾಯ ತೋಚಿತು. ಆ ಹನ್ನೊಂದು ನಿಮಿಷವನ್ನು ಅವಳು ಎಷ್ಟು ನೂರು ಸಲ ಕೇಳಿರಲಿಲ್ಲ? ಒಂದೊಂದು ಮಾತೂ, ಅವರು ಉಸಿರು ತೆಗೆದುಕೊಳ್ಳುವ ಜಾಗವೂ ಬಾಯಿಪಾಠ. ಒಂದು ಮಧ್ಯಾಹ್ನ ಟಿವಿ ಆರಿಸಿ, ಅಡುಗೆಮನೆಯ ಪರದೆಯ ಹಿಂದೆ ನಿಂತು, ಗಂಟಲು ಸರಿಮಾಡಿಕೊಂಡಳು.

"ಪ್ರಯಾಣಿಕರು ಗಮನಿಸಿ. ಹನ್ನೊಂದನೇ ನಂಬರಿನ ಬಸ್ಸು, ಹಳೇ ಗಿರಣಿ, ದೊಡ್ಡಾಸ್ಪತ್ರೆ ಮಾರ್ಗವಾಗಿ ಹೋಗುವ ಬಸ್ಸು, ಮೂರನೇ ಪ್ಲಾಟ್‌ಫಾರಂಗೆ ಬರುತ್ತಿದೆ."

ಬಾಗಿಲು ಗುದ್ದುವುದು ನಿಂತಿತು. ಪರದೆಯ ಸಂದಿನಿಂದ ನೋಡಿದಳು. ಗಂಡ ಅಂಗಿಯ ಗುಂಡಿಗಳನ್ನು ತಾವೇ ಒಂದೊಂದಾಗಿ ಹಾಕಿಕೊಳ್ಳುತ್ತಿದ್ದರು, ತಿಂಗಳಾಗಿತ್ತು ಅವರು ಹಾಗೆ ಮಾಡಿ. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಸರಳು ಹಿಡಿದು, ಬೀದಿಯ ತಿರುವಿನ ಕಡೆ ನೋಡುತ್ತ ನಿಂತರು. ಈಗ ತಿರುಗುತ್ತಾರೆ, ಈಗ "ಏನೇ" ಅನ್ನುತ್ತಾರೆ.

ಅವರು ತಿರುಗಲಿಲ್ಲ. ನಾಲ್ಕಾಯಿತು, ಐದಾಯಿತು. ಕುರ್ಚಿ ತಂದಿಟ್ಟಳು, ಕೂರಲಿಲ್ಲ. ನೀರು ತಂದಳು, ಮುಟ್ಟಲಿಲ್ಲ. ನಿಂತ ಕಾಲು ನಡುಗುತ್ತಿದ್ದರೂ ಕಣ್ಣು ತಿರುವಿನ ಮೇಲೇ ಇತ್ತು. ಬಿಸಿಲು ಇಳಿದು ಎದುರು ಮನೆಯ ಗೋಡೆ ಮಬ್ಬಾದಾಗ ಸರಳು ಬಿಟ್ಟು ನಿಧಾನವಾಗಿ ಅಡುಗೆಮನೆಗೆ ಬಂದರು. ಪರದೆ ಸರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಕೂಗಿದ್ದು ನೀವಾ?"

"ಹೂಂ, ನಾನೇ ರೀ."

"ಕಾಣದ ಬಸ್ಸನ್ನ ಕೂಗಬಾರದಮ್ಮ" ಅಂದರು ಅವರು, ಒಂದೊಂದು ಅಕ್ಷರವನ್ನೂ ಬಿಡಿಸಿ. "ಜನ ಕಾಯ್ತಾರೆ."

"ಇನ್ಮೇಲೆ ಕೂಗಲ್ಲ" ಅಂದಳು.

ಅವರು ತಲೆಯಾಡಿಸಿ, ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಂತರು.