ಅಪ್ಪ ಮಾಡಿದ ಮಣ್ಣಿನ ಗಣಿ

ಮಣ್ಣೆತ್ತಿನ ಅಮಾವಾಸ್ಯೆಗೆಂದು ಮರಿಮೊಮ್ಮಗಳು ಮಣ್ಣು ಕಲಸುತ್ತಿದ್ದಳು. ಆ ಹಸಿ ವಾಸನೆಗೆ ನಾನು ತಿಳವಳ್ಳಿಯ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ.

ಬ್ರಿಟಿಷರಿದ್ದ ಕಾಲ. ಅಪ್ಪ ಚಿನ್ನದ ಗಣಿಯ ಕೆಲಸ ಬಿಟ್ಟು, ಕೆಮ್ಮುತ್ತಾ ಊರಿಗೆ ಬಂದಿದ್ದ. ಜೊತೆಗೆ ಹೋಗಿದ್ದ ಕಾಕಾ ಸುರಂಗ ಕುಸಿದು ಒಳಗೇ ಉಳಿದಿದ್ದ, ಹೆಣವೂ ಸಿಕ್ಕಿರಲಿಲ್ಲ. ಆ ಅಮಾವಾಸ್ಯೆಗೆ ಅಪ್ಪ ಎತ್ತು ಮಾಡಲಿಲ್ಲ, ಗಣಿ ಮಾಡಿದ. ಬಾವಿಯಂಥ ಬಾಯಿ, ಆಳುಗಳು ಒಳಗಿಳಿಯಲೆಂದು ದಾರಕ್ಕೆ ಕಟ್ಟಿ ಇಳಿಬಿಟ್ಟ ತೊಟ್ಟಿಲು, ಒಂದರ ಕೆಳಗೊಂದು ಸುರಂಗ. ಒಳಗೆಲ್ಲ ಕಾಣಲೆಂದು ಒಂದು ಮಗ್ಗುಲು ತೆರೆದಿಟ್ಟಿದ್ದ.

"ನನ್ನ ಮಗಾ ಎಲ್ಲಿ ಅದಾನಪಾ?" ಅಜ್ಜಿ ಕೇಳಿದಳು.

ಅಪ್ಪ ತಳದ ಸುರಂಗಕ್ಕೆ ಬೆರಳಿಟ್ಟ. "ಇಲ್ಲೇ ಅದಾನ, ಯವ್ವಾ."

"ಸಾಯೂಮುಂದ ಬಾಯಾಗ ನೀರು ಬಿಡಾಕೂ ಯಾರೂ ಇರಲಿಲ್ಲ," ಎಂದು ಅಜ್ಜಿ ಅಲ್ಲಿಗೆ ತಂಬಿಗೆಯ ನೀರು ಬಿಟ್ಟಳು. ಹಸಿಮಣ್ಣು ಕರಗಿ ಗಣಿಯೆಲ್ಲ ಕುಸಿಯಿತು. ಅಜ್ಜಿ ಚೀರಿ, ಎರಡೂ ಕೈಯಿಂದ ಕೆಸರು ಬಗೆಯತೊಡಗಿದಳು. ಅಪ್ಪ ತಡೆಯಲಿಲ್ಲ. ಪಕ್ಕದಲ್ಲಿ ಕುಳಿತು ತಾನೂ ಬಗೆದ.

"ಅಜ್ಜಾ, ಇನ್ನೊಂದೀಟು ನೀರು ಹಾಕು," ಎಂದಳು ಮರಿಮೊಮ್ಮಗಳು. ತಂಬಿಗೆ ಎತ್ತಲು ನನ್ನ ಕೈ ಏಳಲಿಲ್ಲ.